ಮೊದಲು ಕೊಳವೆ, ಆಮೇಲೆ ತಲೆ

ಆಲ್ಝೈಮರ್‌ ಕಾಯಿಲೆ ಹಿಡಿದವರ ಮೆದುಳಿನಲ್ಲಿ ಅಮೈಲಾಯ್ಡ್‌ ಎಂಬ ಪ್ರೋಟೀನ್‌ ಎಳೆಗಳು ಸಿಕ್ಕುಗಟ್ಟಿ ಪ್ಲೇಕ್‌ ಆಗುತ್ತವೆ. ತಲೆಯನ್ನು ತೆರೆಯದೆ, ವಿಕಿರಣ ಸೂಸುವ ದ್ರವವನ್ನು ನರಕ್ಕೆ ಚುಚ್ಚದೆ, ಬರೀ ಎಕ್ಸ್‌-ರೇಯಿಂದ ಆ ಪ್ಲೇಕ್‌ ಗುರುತಿಸಲು ಜಗತ್ತಿನ ಕೆಲವು ಪ್ರಯೋಗಾಲಯಗಳು ದುಡಿಯುತ್ತಿವೆ. ಅಂಥ ಯಂತ್ರವನ್ನು ಪರೀಕ್ಷಿಸಲು ಮೊದಲು ಪ್ಲೇಕಿನಂಥದ್ದೇ ಒಂದು ಪ್ರೋಟೀನ್‌ ಮಾದರಿ ಗಾಜಿನ ಕೊಳವೆಯಲ್ಲಿ ತಯಾರಾಗಬೇಕು. ನನ್ನ ಕೆಲಸ ಆ ಮಾದರಿಗಳದ್ದು. ಊರು ಮಾನ್ವಿ, ದುಡಿಮೆ ಬೆಂಗಳೂರಿನಲ್ಲಿ. ಊರಿಗೆ ಬಂದಾಗಲೆಲ್ಲ ರಾಯಚೂರು, ಮಾನ್ವಿ, ದೇವದುರ್ಗದ ಕಾಲೇಜುಗಳಲ್ಲಿ ಈ ವಿಷಯ ಮಾತಾಡುತ್ತೇನೆ. ಪ್ರಯೋಗಾಲಯದಲ್ಲಿ ಕಲಿತದ್ದನ್ನೂ ಅಲ್ಲಿನ ಹುಡುಗರು, ಹೆಣ್ಣುಮಕ್ಕಳು ಕೇಳಿದ ಪ್ರಶ್ನೆಗಳಿಂದ ಕಲಿತದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

1. ಮಾದರಿ ಇರುವುದು ಯಂತ್ರವನ್ನು ಪರೀಕ್ಷಿಸಲು

ಮನುಷ್ಯನ ತಲೆಯೊಳಗೆ ಎಷ್ಟು ಅಮೈಲಾಯ್ಡ್‌ ಇದೆ ಎಂದು ಜೀವ ಇರುವಾಗ ಯಾರೂ ತೂಕ ಮಾಡಿ ಹೇಳಲಾರರು. ಹೀಗಿರುವಾಗ ಯಂತ್ರ ಕೊಟ್ಟ ಸಂಖ್ಯೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಹೇಗೆ? ಉತ್ತರ ಮೊದಲೇ ಗೊತ್ತಿರುವ ವಸ್ತುವನ್ನು ಅದರ ಮುಂದಿಡಬೇಕು. ಈ ಕೊಳವೆಯಲ್ಲಿ ಇಷ್ಟು ಮಿಲಿಗ್ರಾಂ ಎಳೆಗಳಿವೆ, ಆ ಕೊಳವೆಯಲ್ಲಿ ಅದರ ಅರ್ಧ, ಮೂರನೆಯದರಲ್ಲಿ ಏನೂ ಇಲ್ಲ. ಮೂರನ್ನೂ ಹೆಸರು ಮುಚ್ಚಿ ಕೊಟ್ಟಾಗ ಯಂತ್ರ ಸರಿಯಾಗಿ ವಿಂಗಡಿಸಬೇಕು. ಕಾಯಿಲೆ ಏಕೆ ಬರುತ್ತದೆ, ಮದ್ದು ಯಾವುದು ಎಂಬ ಪ್ರಶ್ನೆಗಳಿಗೆ ಈ ಕೊಳವೆಗಳಲ್ಲಿ ಉತ್ತರವಿಲ್ಲ. ‘ಯಂತ್ರ ಎಷ್ಟರ ಮಟ್ಟಿಗೆ ನಂಬಿಕೆಗೆ ಯೋಗ್ಯ’ ಎಂಬ ಒಂದೇ ಪ್ರಶ್ನೆಗೆ ಇದೆ. ಆ ಒಂದು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವುದು ಸಣ್ಣ ಕೆಲಸವಲ್ಲ. ನಾಳೆ ಯಾವುದೋ ಮನೆಯ ಹಿರಿಯರಿಗೆ ‘ನಿಮ್ಮ ಮೆದುಳಿನಲ್ಲಿ ಅಮೈಲಾಯ್ಡ್‌ ಇದೆ’ ಎಂದು ಹೇಳುವ ಯಂತ್ರ ಅದು.

2. ಮೊಟ್ಟೆಯ ಪ್ರೋಟೀನ್‌ ಮೆದುಳಿನ ಪ್ರೋಟೀನಿಗೆ ಬದಲಿಯಾಗಬಲ್ಲದು

ರಾಯಚೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಹುಡುಗನೊಬ್ಬ ಎದ್ದು ನಿಂತು ಕೇಳಿದ: ‘ಮೇಡಂ, ಕಾಯಿಲೆ ಇರೋದು ಮನುಷ್ಯರ ಮೆದುಳಿನ್ಯಾಗ. ನೀವು ಮೊಟ್ಟಿ ಪ್ರೋಟೀನ್‌ ಹಿಡ್ಕೊಂಡು ಕುಂತೀರಿ. ಇದು ಹ್ಯಾಂಗ ಸರಿ ಆಗ್ತದ?’ ಈ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಉತ್ತರದ ಹಿಂದೆ ದೊಡ್ಡ ಇತಿಹಾಸವಿದೆ. 1935ರಲ್ಲಿ ಇಂಗ್ಲೆಂಡಿನ ಲೀಡ್ಸ್‌ ನಗರದಲ್ಲಿ ವಿಲಿಯಂ ಆಸ್ಟ್‌ಬರಿ ಮತ್ತು ಸಂಗಡಿಗರು ಬೇಯಿಸಿದ ಮೊಟ್ಟೆಯ ಬಿಳಿಯನ್ನು ಎಳೆದು ಅದರ ಮೇಲೆ ಎಕ್ಸ್‌-ರೇ ಬಿಟ್ಟರು. ಪ್ರೋಟೀನ್‌ ಸರಪಳಿಗಳು ಎಳೆಯ ಉದ್ದಕ್ಕೆ ಅಡ್ಡಡ್ಡವಾಗಿ ಜೋಡಿಸಿಕೊಂಡ ಗುರುತು ಫಿಲ್ಮಿನ ಮೇಲೆ ಬಿತ್ತು. 1968ರಲ್ಲಿ ಈನ್ಸ್‌ ಮತ್ತು ಗ್ಲೆನ್ನರ್‌ ರೋಗಿಗಳ ದೇಹದಿಂದ ತೆಗೆದ ಅಮೈಲಾಯ್ಡ್‌ ಎಳೆಗಳಲ್ಲೂ ಅದೇ ಬಗೆಯ ಗುರುತು ಕಂಡರು. 1984ರಲ್ಲಿ ಗ್ಲೆನ್ನರ್‌ ಮತ್ತು ವಾಂಗ್‌ ಆಲ್ಝೈಮರ್‌ಗೆ ಸಂಬಂಧಿಸಿದ ಬೀಟಾ ಪ್ರೋಟೀನನ್ನು ಬೇರ್ಪಡಿಸಿದರು. 1998ರ ಹೊತ್ತಿಗೆ ಕ್ರಿಸ್ಟಫರ್‌ ಡಾಬ್ಸನ್‌ ಅವರ ತಂಡ ಯಾವ ಕಾಯಿಲೆಗೂ ಸಂಬಂಧವಿಲ್ಲದ ಪ್ರೋಟೀನ್‌ ಸಹ ತಕ್ಕ ಪರಿಸ್ಥಿತಿಯಲ್ಲಿ ಅಮೈಲಾಯ್ಡ್‌ ಎಳೆಯಾಗುತ್ತದೆ ಎಂದು ತೋರಿಸಿತು.

ಎಳೆಯ ರಚನೆಯನ್ನು ಹೀಗೆ ಕಲ್ಪಿಸಿಕೊಳ್ಳಿ. ನಮ್ಮ ಕಡಕ್‌ ರೊಟ್ಟಿಯನ್ನು ಒಂದರ ಮೇಲೊಂದು ಒಟ್ಟಿ, ಅದರ ಪಕ್ಕಕ್ಕೆ ಇನ್ನೊಂದು ಒಟ್ಟಿಲು ಇಟ್ಟ ಹಾಗೆ. ಮೇಲಿನ ರೊಟ್ಟಿಗೂ ಕೆಳಗಿನದಕ್ಕೂ ನಡುವಿನ ಅಂತರ 4.7 ಆಂಗ್‌ಸ್ಟ್ರಾಂ, ಅಂದರೆ ಅರ್ಧ ನ್ಯಾನೋಮೀಟರಿಗಿಂತ ಚೂರು ಕಡಿಮೆ. ಒಟ್ಟಿಲಿಗೂ ಒಟ್ಟಿಲಿಗೂ ನಡುವೆ ಸುಮಾರು 10 ಆಂಗ್‌ಸ್ಟ್ರಾಂ. ಮೆದುಳಿನ ಬೀಟಾ ಪ್ರೋಟೀನಿನಲ್ಲಿ 40 ಅಥವಾ 42 ಅಮೈನೋ ಆಮ್ಲಗಳು, ಕೋಳಿಮೊಟ್ಟೆಯ ಲೈಸೋಜೈಮಿನಲ್ಲಿ 129, ಆಕಳ ರಕ್ತದ ಆಲ್ಬುಮಿನ್ನಿನಲ್ಲಿ 583. ಗಾತ್ರ ಬೇರೆ, ಹುಟ್ಟು ಬೇರೆ. ಆದರೂ ಎಳೆಯಾದ ಮೇಲೆ ಈ ಎರಡು ಅಂತರಗಳು ಹೆಚ್ಚುಕಡಿಮೆ ಒಂದೇ. ಎಕ್ಸ್‌-ರೇ ನೋಡುವುದು ಈ ಅಂತರಗಳನ್ನು ಮಾತ್ರ. ಆದ್ದರಿಂದ ಬೀಟಾ ಪ್ರೋಟೀನ್‌ ಕೊಳ್ಳಲು ಆಗುವ ದುಬಾರಿ ಖರ್ಚಿಲ್ಲದೆ ಲೈಸೋಜೈಮ್‌, ಆಲ್ಬುಮಿನ್‌, ಇನ್ಸುಲಿನ್‌ ಬಳಸಿ ಯಂತ್ರವನ್ನು ಪಳಗಿಸಬಹುದು.

ಈ ವಿದ್ಯೆಗೆ ಕರ್ನಾಟಕ ಹೊಸದಲ್ಲ. ಪ್ರೋಟೀನ್‌ ಸರಪಳಿ ಯಾವ ಯಾವ ಕೋನಗಳಲ್ಲಿ ಬಾಗಬಲ್ಲದು ಎಂದು 1963ರಲ್ಲಿ ನಕ್ಷೆ ಹಾಕಿ ತೋರಿಸಿದ ಜಿ.ಎನ್‌. ರಾಮಚಂದ್ರನ್‌ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಅದೇ ಸಂಸ್ಥೆಯಲ್ಲಿ ಎಂ. ವಿಜಯನ್‌ ಲೈಸೋಜೈಮ್‌ ಹರಳುಗಳ ಮೇಲೆ ಎಕ್ಸ್‌-ರೇ ಬಿಟ್ಟು, ನೀರು ಕಡಿಮೆಯಾದಾಗ ಪ್ರೋಟೀನ್‌ ಹೇಗೆ ರೂಪ ಬದಲಿಸುತ್ತದೆ ಎಂದು ಬಹುಕಾಲ ಅಧ್ಯಯನ ಮಾಡಿದರು. ನಾನು ಕೊಳವೆಗೆ ಹಾಕುವ ಬಿಳಿ ಪುಡಿ ಅವರು ಅಭ್ಯಾಸ ಮಾಡಿದ ಅದೇ ಪ್ರೋಟೀನ್‌.

3. ರಾಯಚೂರಿನಿಂದ ನೋಡಿದರೆ ಈ ಸಂಶೋಧನೆಯ ಅಗತ್ಯ ಬೇಗ ಅರ್ಥವಾಗುತ್ತದೆ

ಬದುಕಿರುವವರ ಮೆದುಳಿನ ಪ್ಲೇಕ್‌ ನೋಡಲು ಇಂದು ಪೆಟ್‌ ಸ್ಕ್ಯಾನ್‌ ಇದೆ. 2004ರಲ್ಲಿ ಪಿಟ್ಸ್‌ಬರ್ಗಿನ ಸಂಶೋಧಕರು ಅಮೈಲಾಯ್ಡಿಗೆ ಅಂಟುವ ವಿಕಿರಣಯುಕ್ತ ರಾಸಾಯನಿಕವನ್ನು ಮನುಷ್ಯರಲ್ಲಿ ಬಳಸಿ ತೋರಿಸಿದರು. ಅದರಲ್ಲಿದ್ದ ಇಂಗಾಲ-11 ಇಪ್ಪತ್ತು ನಿಮಿಷಕ್ಕೆ ಅರ್ಧವಾಗುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಫ್ಲೋರಿನ್‌-18 ಅರ್ಧವಾಗಲು 110 ನಿಮಿಷ ಸಾಕು. ಹೈದರಾಬಾದಿನಲ್ಲಿ ತಯಾರಿಸಿ ರಸ್ತೆಯಲ್ಲಿ ರಾಯಚೂರಿಗೆ ತರಲು ನಾಲ್ಕು ತಾಸು ಹಿಡಿದರೆ ಉಳಿಯುವುದು ನೂರಕ್ಕೆ ಸುಮಾರು ಇಪ್ಪತ್ತೆರಡು ಪಾಲು. ಬೆಂಗಳೂರಿನಿಂದ ತಂದರೆ ಇನ್ನೂ ಕಡಿಮೆ. ಆ ರಾಸಾಯನಿಕ ಬರಲಾರದು, ಹಾಗಾಗಿ ರೋಗಿಯೇ ಹೋಗಬೇಕು. ಗೊತ್ತಿಲ್ಲದ ಊರಿಗೆ ರಾತ್ರಿ ರೈಲಿನಲ್ಲಿ ಮರೆವಿನ ಹಿರಿಯರನ್ನು ಕರೆದೊಯ್ಯುವ ಕಷ್ಟ ಆ ಮನೆಯವರಿಗೇ ಗೊತ್ತು.

ಎಕ್ಸ್‌-ರೇಗೆ ಈ ಅರ್ಧಾಯುಷ್ಯದ ತೊಡಕಿಲ್ಲ. ವಿದ್ಯುತ್‌ ಇದ್ದರೆ ಯಂತ್ರ ನಡೆಯುತ್ತದೆ. ಜಿಲ್ಲೆಗೆ ಏಮ್ಸ್‌ ಬೇಕೆಂದು ರಾಯಚೂರಿನ ಜನ 2022ರ ಮೇ ತಿಂಗಳಿಂದ ಧರಣಿ ಕೂತವರು. ಅವರ ಬೇಡಿಕೆಗೂ ನನ್ನ ಕೊಳವೆಗಳಿಗೂ ಸಂಬಂಧ ಇದೆ ಎಂದೇ ನಾನು ತಿಳಿದಿದ್ದೇನೆ: ತಪಾಸಣೆ ಜನರಿರುವಲ್ಲಿಗೆ ಬರಬೇಕು.

4. ಎಳೆ ಕಟ್ಟಲು ಹುಳಿ, ಬಿಸಿ, ತಾಳ್ಮೆ

ಲೈಸೋಜೈಮನ್ನು ಹೈಡ್ರೋಕ್ಲೋರಿಕ್‌ ಆಮ್ಲ ಬೆರೆಸಿದ ನೀರಿನಲ್ಲಿ ಕರಗಿಸಿ ಪಿಎಚ್‌ ಅನ್ನು 2ಕ್ಕೆ ತರಬೇಕು. ಆಮೇಲೆ 57ರಿಂದ 65 ಡಿಗ್ರಿ ಬಿಸಿಯಲ್ಲಿ, ಮೆಲ್ಲಗೆ ಕಲಕುತ್ತ, ದಿನಗಟ್ಟಲೆ ಇಡಬೇಕು. ಇನ್ಸುಲಿನ್‌ ಇಷ್ಟು ಹೊತ್ತು ಕಾಯಿಸುವುದಿಲ್ಲ. ಅದೇ ಹುಳಿ, ಅದೇ ಬಿಸಿಯಲ್ಲಿ ಕೆಲವೇ ತಾಸುಗಳಲ್ಲಿ ಎಳೆಯಾಗುತ್ತದೆ. ಆಲ್ಬುಮಿನ್‌ ಕೂಡ ಬೇಗ, ಆದರೆ ಅದರ ಎಳೆ ಗಿಡ್ಡ, ಡೊಂಕು. ನೇರ, ಉದ್ದ ಎಳೆ ಬೇಕೆಂದರೆ ಲೈಸೋಜೈಮನ್ನೇ ನೆಚ್ಚಬೇಕು. ಬೇಗ, ಅಗ್ಗ, ಹೆಚ್ಚು ಪ್ರಮಾಣ ಬೇಕೆಂದರೆ ಆಲ್ಬುಮಿನ್‌.

ಮೊದಲ ಹೊತ್ತು ಏನೂ ನಡೆಯದಂತೆ ಕಾಣುತ್ತದೆ. ಎಳೆಯ ಬೀಜ ಹುಟ್ಟಲು ಹೊತ್ತು ಬೇಕು, ಹುಟ್ಟಿದ ಮೇಲೆ ಬೆಳೆಯುವುದು ಬೇಗ. ಹಿಂದಿನ ಸಲದ ಎಳೆಗಳನ್ನು ಚೂರುಮಾಡಿ ತುಸು ಬೆರೆಸಿದರೆ ಕಾಯುವ ಕಾಲ ಇಳಿಯುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೇ 42, 43 ಡಿಗ್ರಿ ಇರುವಾಗ ಮಾದರಿಯನ್ನು ಕಾಲೇಜಿಗೆ ಒಯ್ಯುವಾಗ ಮುಖ್ಯ ಶತ್ರು ಒಣಗುವಿಕೆ. ನೀರು ಆರಿದರೆ ಪ್ರಮಾಣ ಏರುತ್ತದೆ, ಕೊಳವೆಯ ಮೇಲೆ ಬರೆದ ಸಂಖ್ಯೆ ಸುಳ್ಳಾಗುತ್ತದೆ. ಬಾಯಿಯನ್ನು ಮೇಣದಿಂದ ಮುಚ್ಚಿ, ಹೊರಡುವ ಮುಂಚೆ ಮತ್ತು ತಲುಪಿದ ಮೇಲೆ ತೂಕ ಮಾಡಿ. ಎರಡು ತೂಕ ಕೂಡದಿದ್ದರೆ ಆ ಕೊಳವೆಯನ್ನು ಅಳತೆಗೆ ಬಳಸಬಾರದು.

5. ಎಳೆ ಇಲ್ಲದ ಕೊಳವೆಗೂ ಅಷ್ಟೇ ಶ್ರಮ ಹಾಕಿ

ಈ ಪಟ್ಟಿಯಲ್ಲಿ ನಾನು ಅತಿ ಹೆಚ್ಚು ಒತ್ತು ಕೊಡುವ ಪಾಠ ಇದು. ಎಳೆ ಇರುವ ಕೊಳವೆಯಲ್ಲಿ ಯಂತ್ರ ಗುರುತು ತೋರಿಸಿತು ಎಂದರೆ ಅರ್ಧ ಮಾತು. ಅದೇ ಪ್ರೋಟೀನ್‌, ಅದೇ ತೂಕ, ಅದೇ ಹುಳಿ, ಆದರೆ ಬಿಸಿಗೆ ಇಡದ ಕೊಳವೆ ಒಂದು. ಪ್ರೋಟೀನ್‌ ಇಲ್ಲದ ಬರೀ ದ್ರಾವಣ ಇನ್ನೊಂದು. ಬಿಸಿಗೆ ಸುಮ್ಮನೆ ಗಡ್ಡೆಯಾದ, ಆದರೆ ಅಮೈಲಾಯ್ಡ್‌ ಎಳೆಯಾಗದ ಪ್ರೋಟೀನ್‌ ಮತ್ತೊಂದು. ಈ ಕೊನೆಯದು ಅತಿ ಮುಖ್ಯ. ಬೆಂದು ಗಡ್ಡೆಯಾದ ಎಷ್ಟೋ ಪ್ರೋಟೀನ್‌ಗಳು ಎಕ್ಸ್‌-ರೇ ಚಿತ್ರದಲ್ಲಿ 4.7 ಮತ್ತು 10 ಆಂಗ್‌ಸ್ಟ್ರಾಂ ಹತ್ತಿರ ಮಸುಕಾದ ಉಂಗುರ ಕೊಡುತ್ತವೆ. ಎಳೆಯಾದದ್ದು ಕೊಡುವುದು ಚೂಪಾದ ಉಂಗುರ. ಯಂತ್ರ ಮಸುಕು, ಚೂಪು ಎರಡನ್ನೂ ಬೇರೆ ಮಾಡಬಲ್ಲದೇ? ಮಾಡಲಾರದು ಎಂದಾದರೆ ಅದು ಆಸ್ಪತ್ರೆಗೆ ಇನ್ನೂ ಸಿದ್ಧವಾಗಿಲ್ಲ.

ಎಳೆ ನಿಜವಾಗಿಯೂ ಆಗಿದೆಯೇ ಎಂದು ನೋಡಲು ಥಯೋಫ್ಲಾವಿನ್‌-ಟಿ ಎಂಬ ಬಣ್ಣ ಇದೆ. ಎಳೆಗೆ ಅಂಟಿದಾಗ ಅದು 480 ನ್ಯಾನೋಮೀಟರ್‌ ಆಸುಪಾಸಿನಲ್ಲಿ ಪ್ರಖರವಾಗಿ ಹೊಳೆಯುತ್ತದೆ. ಕಾಂಗೋ ರೆಡ್‌ ಹಾಕಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಸಿರು ಮಿಂಚು ಕಾಣುತ್ತದೆ. ರೋಗಶಾಸ್ತ್ರದವರು ಈ ಪರೀಕ್ಷೆಯನ್ನು 1920ರ ದಶಕದಿಂದ ಬಳಸುತ್ತಿದ್ದಾರೆ. ಒಂದೇ ಬಣ್ಣವನ್ನು ನಂಬಬೇಡಿ. ಎರಡು ಬಣ್ಣ, ಸಾಧ್ಯವಿದ್ದರೆ ಎಲೆಕ್ಟ್ರಾನ್‌ ಸೂಕ್ಷ್ಮದರ್ಶಕದ ಚಿತ್ರ, ಆಮೇಲೆ ಎಕ್ಸ್‌-ರೇ. ಹೊಸ ಬಣ್ಣಗಳ ಹುಡುಕಾಟವೂ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್‌ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ಅಮೈಲಾಯ್ಡ್‌ ಗುರುತಿಸುವ ಅಣುಗಳನ್ನೂ, ಇಲಿಗಳಲ್ಲಿ ಅದರ ಹೊರೆ ತಗ್ಗಿಸುವ ಅಣುಗಳನ್ನೂ ರೂಪಿಸುತ್ತಿದೆ.

6. ಕೋನ ಮತ್ತು ಶಕ್ತಿಯ ಲೆಕ್ಕ ಕಾಗದದ ಮೇಲೆ ಮೊದಲು ಮಾಡಿ

ಸಾಮಾನ್ಯ ಪ್ರಯೋಗಾಲಯದ ತಾಮ್ರದ ಎಕ್ಸ್‌-ರೇ ಕೊಳವೆ 8 ಕಿಲೋ ಎಲೆಕ್ಟ್ರಾನ್‌ ವೋಲ್ಟಿನ ಕಿರಣ ಕೊಡುತ್ತದೆ. ಅದರಲ್ಲಿ 4.7 ಆಂಗ್‌ಸ್ಟ್ರಾಂ ಅಂತರದ ಗುರುತು ಸುಮಾರು 19 ಡಿಗ್ರಿಯಲ್ಲಿ ಚೆನ್ನಾಗಿ ಕಾಣುತ್ತದೆ. ವಿದ್ಯಾರ್ಥಿಗಳಿಗೆ ತೋರಿಸಲು ಬಲು ಅನುಕೂಲ. ಆದರೆ ಆ ಕಿರಣ ನೀರಿನಲ್ಲಿ ಒಂದು ಮಿಲಿಮೀಟರ್‌ ಸಾಗುವಷ್ಟರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಹೀರಿಹೋಗುತ್ತದೆ. ತಲೆಬುರುಡೆಯ ಮಾತೇ ಇಲ್ಲ.

60 ಕಿಲೋ ಎಲೆಕ್ಟ್ರಾನ್‌ ವೋಲ್ಟಿಗೆ ಏರಿದರೆ ಅದೇ ಪ್ರಮಾಣ ಹೀರಿಹೋಗಲು ಐದು ಸೆಂಟಿಮೀಟರ್‌ ನೀರು ಬೇಕು. ದೊಡ್ಡವರ ತಲೆಯ ಅಗಲ ಹದಿನೈದು ಸೆಂಟಿಮೀಟರ್‌ ಎಂದಿಟ್ಟುಕೊಂಡರೆ ಆಚೆ ಬದಿಗೆ ತಲುಪುವುದು ನೂರಕ್ಕೆ ನಾಲ್ಕೈದು ಪಾಲು. ಮೂಳೆ ಅದನ್ನೂ ಕಡಿಮೆ ಮಾಡುತ್ತದೆ. ಜೊತೆಗೆ ಶಕ್ತಿ ಏರಿದ ಹಾಗೆ ಕೋನ ಕುಗ್ಗುತ್ತದೆ. 19 ಡಿಗ್ರಿಯಲ್ಲಿದ್ದ ಗುರುತು ಈಗ ಎರಡೂವರೆ ಡಿಗ್ರಿಗೆ ಬಂದು ಕೂರುತ್ತದೆ. ನೇರ ಹೋಗುವ ಪ್ರಖರ ಕಿರಣದ ಮಗ್ಗುಲಿನಲ್ಲೇ ಆ ಮಂದ ಗುರುತನ್ನು ಹಿಡಿಯಬೇಕು.

ಇದಕ್ಕೆ ಕೆಲವರು ಕಂಡುಕೊಂಡ ದಾರಿ ಸೊಗಸಾಗಿದೆ. ಒಂದೇ ಶಕ್ತಿಯ ಕಿರಣಕ್ಕೆ ಬದಲಾಗಿ ಆಸ್ಪತ್ರೆಯ ಟ್ಯೂಬಿನ ಹಾಗೆ ಹಲವು ಶಕ್ತಿಗಳ ಮಿಶ್ರ ಕಿರಣವನ್ನೇ ಬಿಡುವುದು, ಕೋನವನ್ನು ಒಂದೇ ಕಡೆ ನಿಲ್ಲಿಸುವುದು, ಬಂದ ಪ್ರತಿ ಕಣದ ಶಕ್ತಿಯನ್ನು ಅಳೆಯುವ ಶೋಧಕ ಇಡುವುದು. ಕೋನ 4 ಡಿಗ್ರಿ ಎಂದರೆ 4.7ರ ಗುರುತು ಸುಮಾರು 38 ಕಿಲೋ ಎಲೆಕ್ಟ್ರಾನ್‌ ವೋಲ್ಟಿನಲ್ಲಿ, 10ರ ಗುರುತು 18ರಲ್ಲಿ ಬರುತ್ತದೆ. 18 ತಲೆಯೊಳಗೇ ಹೀರಿಹೋಗುತ್ತದೆ. ಕೋನವನ್ನು 2 ಡಿಗ್ರಿಗೆ ಇಳಿಸಿದರೆ ಎರಡೂ ಗುರುತುಗಳು ಸುಮಾರು 75 ಮತ್ತು 35ಕ್ಕೆ ಏರಿ, ಹೊರಬರುವ ಸಾಧ್ಯತೆ ಹೆಚ್ಚುತ್ತದೆ. ಈ ಲೆಕ್ಕಕ್ಕೆ ಬ್ರ್ಯಾಗ್‌ ಸೂತ್ರ ಸಾಕು.

7. ಟಂಗ್‌ಸ್ಟನ್ನಿನ ಗೆರೆಗಳ ಮೇಲೆ ಕಣ್ಣಿಡಿ

ಆಸ್ಪತ್ರೆಯ ಎಕ್ಸ್‌-ರೇ ಟ್ಯೂಬಿನಲ್ಲಿರುವುದು ಟಂಗ್‌ಸ್ಟನ್‌. ಅದು 58, 59 ಮತ್ತು 67 ಕಿಲೋ ಎಲೆಕ್ಟ್ರಾನ್‌ ವೋಲ್ಟಿನಲ್ಲಿ ತನ್ನದೇ ಚೂಪು ಗೆರೆಗಳನ್ನು ಹಾಕುತ್ತದೆ. ಹೊಸಬರು ಅದನ್ನೇ ಅಮೈಲಾಯ್ಡ್‌ ಎಂದು ಓದಿಬಿಡುವ ಅಪಾಯ ಇದೆ. ಕೋನವನ್ನು ಚೂರು ಬದಲಿಸಿ: ಎಳೆಯ ಗುರುತು ಜಾಗ ಬದಲಿಸುತ್ತದೆ, ಟಂಗ್‌ಸ್ಟನ್ನಿನ ಗೆರೆ ಕದಲುವುದಿಲ್ಲ.

8. ಮೆದುಳೆಂದರೆ ನೀರು ಮತ್ತು ಕೊಬ್ಬು

ತಿಳಿಯಾದ ದ್ರಾವಣದಲ್ಲಿ ತೇಲುವ ಎಳೆಯನ್ನು ಗುರುತಿಸಿ ‘ಯಂತ್ರ ಗೆದ್ದಿತು’ ಎನ್ನುವವರನ್ನು ನೋಡಿದ್ದೇನೆ. ಅಷ್ಟು ಬೇಗ ಒಪ್ಪಲಾಗದು. ನೀರು ತನ್ನದೇ ಅಗಲವಾದ ಉಂಗುರವನ್ನು 3.2 ಆಂಗ್‌ಸ್ಟ್ರಾಂ ಹತ್ತಿರ ಹಾಕುತ್ತದೆ. ಅದರ ಅಂಚು ನಮ್ಮ ಗುರುತಿನವರೆಗೆ ಚಾಚುತ್ತದೆ. ಕೊಬ್ಬಿನದು ಅದಕ್ಕೂ ದೊಡ್ಡ ತೊಡಕು. ಜೀವಕೋಶದ ಪೊರೆಗಳಲ್ಲಿರುವ ಕೊಬ್ಬಿನ ಸರಪಳಿಗಳ ನಡುವಿನ ಅಂತರ ಸುಮಾರು ನಾಲ್ಕೂವರೆ ಆಂಗ್‌ಸ್ಟ್ರಾಂ. ನಾವು ಹುಡುಕುತ್ತಿರುವ 4.7ಕ್ಕೆ ಒತ್ತಿಕೊಂಡೇ ಕೂತಿದೆ. ಮೆದುಳಿನ ನೀರನ್ನೆಲ್ಲ ತೆಗೆದರೆ ಉಳಿಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ.

ಆದ್ದರಿಂದ ಎರಡನೆಯ ಹಂತದಲ್ಲಿ ಎಳೆಗಳನ್ನು ನಿಜವಾದ ಮೆದುಳಿನ ನಡುವೆ ಇಟ್ಟು ನೋಡಲೇಬೇಕು. ಮಟನ್‌ ಅಂಗಡಿಯಲ್ಲಿ ಸಿಗುವ ತಾಜಾ ಕುರಿ ಭೇಜಾ ಈ ಕೆಲಸಕ್ಕೆ ಸಾಕಾಗುತ್ತದೆ. ಅದನ್ನು ಎರಡು ಭಾಗ ಮಾಡಿ, ಒಂದರಲ್ಲಿ ಎಳೆಯ ಮುದ್ದೆ ಹುದುಗಿಸಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡನ್ನೂ ಅಳೆದು ವ್ಯತ್ಯಾಸ ನೋಡಬೇಕು. ತಂದ ದಿನವೇ ಅಳೆಯಬೇಕು. ಫ್ರಿಜ್ಜಿನ ಹೊರಗೆ ನಮ್ಮ ಬಿಸಿಲಿಗೆ ಅದು ಬೇಗ ಕೆಡುತ್ತದೆ, ಕೆಟ್ಟ ಅಂಗಾಂಶದ ಚದುರುವಿಕೆ ಬೇರೆ. ಇಲ್ಲಿ ಗೆದ್ದ ಯಂತ್ರಕ್ಕೆ ಮಾತ್ರ ಮುಂದಿನ ಬಾಗಿಲು ತೆರೆಯಬೇಕೆಂಬುದು ನನ್ನ ನಿಲುವು.

9. ಪ್ರಮಾಣವನ್ನು ಇಳಿಸುತ್ತಾ ಹೋಗಿ

2017ರಲ್ಲಿ ಮೆಲ್ಬೋರ್ನಿನ ಸಂಶೋಧಕರು, ಆಲ್ಝೈಮರ್‌ ಇದ್ದು ತೀರಿಕೊಂಡವರ ಮೆದುಳಿನಲ್ಲಿ ಒಟ್ಟು ಬೀಟಾ ಅಮೈಲಾಯ್ಡ್‌ ಎಷ್ಟಿದೆ ಎಂದು ಅಂದಾಜು ಮಾಡಿದರು. ಬಂದ ಉತ್ತರ ಸುಮಾರು 6.5 ಮಿಲಿಗ್ರಾಂ. ಕಾಯಿಲೆ ಇಲ್ಲದ ಅದೇ ವಯಸ್ಸಿನವರಲ್ಲಿ ಸುಮಾರು 1.7 ಮಿಲಿಗ್ರಾಂ. ಒಂದೂಕಾಲು ಕೆ.ಜಿ. ಮೆದುಳಿನಲ್ಲಿ ಆರೂವರೆ ಮಿಲಿಗ್ರಾಂ! ನಾವು ಪ್ರಯೋಗಾಲಯದಲ್ಲಿ ಸರಾಗವಾಗಿ ತಯಾರಿಸುವ ಗಟ್ಟಿ ಮಾದರಿಯಲ್ಲಿ ಒಂದು ಮಿಲಿಲೀಟರಿಗೇ 50 ಮಿಲಿಗ್ರಾಂ ಪ್ರೋಟೀನ್‌ ಇರುತ್ತದೆ. ಇಡೀ ಮೆದುಳಿನ ಸರಾಸರಿಗೆ ಹೋಲಿಸಿದರೆ ಹತ್ತು ಸಾವಿರ ಪಟ್ಟು ಗಟ್ಟಿ.

ಪ್ಲೇಕುಗಳು ಸಮನಾಗಿ ಹರಡಿಲ್ಲ, ಮೆದುಳಿನ ಹೊರಪದರದಲ್ಲಿ ಗುಂಪುಗಟ್ಟಿರುತ್ತವೆ, ಪ್ಲೇಕಿನೊಳಗೆ ಎಳೆಗಳು ಒತ್ತಾಗಿರುತ್ತವೆ. ಆದ್ದರಿಂದ ನಿಜವಾದ ಅಂತರ ಇಷ್ಟು ಭೀಕರವಲ್ಲ. ಆದರೂ ಗಟ್ಟಿ ಮಾದರಿಯಲ್ಲಿ ಕಂಡಿತು ಎಂಬುದರಿಂದ ಮೆದುಳಿನಲ್ಲಿ ಕಾಣುತ್ತದೆ ಎಂದು ಹೇಳಲು ಬರುವುದಿಲ್ಲ. ಸರಿಯಾದ ಕ್ರಮ ಒಂದೇ. ಗಟ್ಟಿಯಿಂದ ಶುರುಮಾಡಿ, ಅರ್ಧ, ಕಾಲು, ಅರೆಕಾಲು ಎಂದು ಇಳಿಸುತ್ತ, ಯಂತ್ರದ ಕಣ್ಣಿಗೆ ಯಾವಾಗ ಮರೆಯಾಗುತ್ತದೆ ಎಂಬ ಜಾಗವನ್ನು ಗುರುತು ಹಾಕಬೇಕು. ವರದಿಯಲ್ಲಿ ಆ ಜಾಗವನ್ನು ಮೊದಲ ಪುಟದಲ್ಲೇ ಬರೆಯಬೇಕು. ಎಲ್ಲಿವರೆಗೆ ಕಂಡಿತು ಎಂಬುದಕ್ಕಿಂತ ಎಲ್ಲಿಂದ ಕಾಣದಾಯಿತು ಎಂಬ ಸಂಖ್ಯೆ ವೈದ್ಯರಿಗೆ ಹೆಚ್ಚು ಉಪಯೋಗಿ.

10. ಲೇಸರ್‌ ಮತ್ತು ಅರಿವೆಯಿಂದ ಪಾಠ ಹೇಳಿ

ಮಾನ್ವಿಯ ಕಾಲೇಜಿನಲ್ಲಿ ಎಕ್ಸ್‌-ರೇ ಚದುರುವಿಕೆ ತೋರಿಸುವ ಯಂತ್ರ ಇರಲಾರದು. ಕೆಂಪು ಲೇಸರ್‌ ಪೆನ್ನು, ನಯವಾದ ಹತ್ತಿ ಅರಿವೆ, ಬಿಳಿ ಗೋಡೆ ಸಾಕು. ದಾರಗಳ ಅಂತರ ಮಿಲಿಮೀಟರಿನ ಐದನೇ ಒಂದು ಭಾಗವಿದ್ದರೆ, ಐದು ಮೀಟರ್‌ ದೂರದ ಗೋಡೆಯ ಮೇಲೆ ಚುಕ್ಕೆಗಳು ಒಂದೂವರೆ ಸೆಂಟಿಮೀಟರಿಗೊಂದು ಬೀಳುತ್ತವೆ. ಒರಟು ಅರಿವೆ ಹಿಡಿದರೆ ಚುಕ್ಕೆಗಳು ಹತ್ತಿರ ಬರುತ್ತವೆ, ನಯವಾದದ್ದು ಹಿಡಿದರೆ ದೂರ ಹೋಗುತ್ತವೆ. 10 ಆಂಗ್‌ಸ್ಟ್ರಾಂ ಗುರುತು ಸಣ್ಣ ಕೋನದಲ್ಲಿ, 4.7ರದ್ದು ದೊಡ್ಡ ಕೋನದಲ್ಲಿ ಏಕೆ ಬರುತ್ತದೆ ಎಂಬುದನ್ನು ಹುಡುಗಿಯರು ಗೋಡೆಯ ಮೇಲೆ ಸ್ಕೇಲು ಹಿಡಿದು ತಾವೇ ಲೆಕ್ಕ ಹಾಕಿ ತೋರಿಸಿದ್ದಾರೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಜಿಲ್ಲೆಯಲ್ಲಿ ಇದಕ್ಕೆ ಸಾಮಗ್ರಿಯ ಕೊರತೆ ಇಲ್ಲ. ಲೇಸರನ್ನು ಯಾರ ಕಣ್ಣಿಗೂ ಬಿಡದಂತೆ ಎಚ್ಚರ ವಹಿಸಬೇಕು, ಅಷ್ಟೇ.

11. ಇಲಿಯ ತಲೆ ಒಂದು ಸೆಂಟಿಮೀಟರ್‌

2020ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಂಶೋಧಕರು ಜೀವಂತ ಇಲಿಗಳ ತಲೆಯ ಮೇಲೆ ಮಿಶ್ರ ಶಕ್ತಿಯ ಎಕ್ಸ್‌-ರೇ ಬಿಟ್ಟು ಅಮೈಲಾಯ್ಡ್‌ ಹೊರೆಯನ್ನು ಅಂದಾಜಿಸಿದರು. ಅಮೈಲಾಯ್ಡ್‌ ಕಟ್ಟಿಕೊಳ್ಳುವಂತೆ ಬೆಳೆಸಿದ ಇಲಿಗಳಿಗೂ ಸಾಧಾರಣ ಇಲಿಗಳಿಗೂ ವ್ಯತ್ಯಾಸ ಕಂಡಿತು. ಆಮೇಲೆ ಅಂಗಾಂಶ ಕತ್ತರಿಸಿ ನೋಡಿದ ಲೆಕ್ಕದೊಂದಿಗೂ ಅದು ಹೊಂದಿತು. ಬಣ್ಣ ಚುಚ್ಚದೆ, ಗುರುತು ಅಂಟಿಸದೆ. ಈ ಕ್ಷೇತ್ರದಲ್ಲಿ ಅದು ದೊಡ್ಡ ಹೆಜ್ಜೆ. ಆದರೆ ಇಲಿಯ ತಲೆಯಿಂದ ಮನುಷ್ಯನ ತಲೆಗೆ ಹೋಗುವಾಗ ದಪ್ಪ ಹದಿನೈದು ಪಟ್ಟು ಏರುತ್ತದೆ, ಬುರುಡೆ ದಪ್ಪವಾಗುತ್ತದೆ, ಕಾಲ ಕಡಿಮೆಯಾಗುತ್ತದೆ. ಕೊಳವೆಯ ಮೇಲೆ ಎಷ್ಟು ತಾಸು ಬೇಕಾದರೂ ಕಿರಣ ಬಿಡಬಹುದು. ಮನುಷ್ಯನಿಗೆ ವಿಕಿರಣದ ಮಿತಿ ಇದೆ. ಮಾದರಿಯ ಮೇಲೆ ಪ್ರಯೋಗ ಮಾಡುವಾಗಲೇ ರೋಗಿಗೆ ಬಿಡಬಹುದಾದಷ್ಟೇ ಕಿರಣವನ್ನು ಬಳಸಿ ಅಭ್ಯಾಸ ಮಾಡಿಕೊಳ್ಳಿ.

12. ಪ್ಲೇಕ್‌ ಬೇರೆ, ಮರೆವು ಬೇರೆ

ದೇವದುರ್ಗದಲ್ಲಿ ಮಾತು ಮುಗಿಸಿ ಹೊರಬಂದಾಗ ಹೆಣ್ಣುಮಗಳೊಬ್ಬಳು ಹತ್ತಿರ ಬಂದು ಕೇಳಿದಳು: ‘ನಮ್ಮತ್ತಿ ಉಂಡು ಕೈ ತೊಳಕೊಂಡು ಬಂದು ಮತ್ತ ಊಟಕ್ಕ ಕುಂದ್ರತಾಳ್ರಿ. ರಾಯಚೂರಾಗ ತೆಲಿ ಎಕ್ಸ್‌-ರೇ ತೆಗಿಸಿದ್ರ ಗೊತ್ತಾಗ್ತದೇನ್ರಿ?’ ‘ಇಲ್ಲವ್ವ, ಗೊತ್ತಾಗಂಗಿಲ್ಲ’ ಎಂದೆ. ಅಲ್ಲಿನ ಆಸ್ಪತ್ರೆಗಳಲ್ಲಿರುವುದು ನೆರಳು ತೋರಿಸುವ ಯಂತ್ರ. ಮೂಳೆ ಮುರಿದದ್ದು, ಎದೆಯಲ್ಲಿ ಕಫ ತುಂಬಿದ್ದು ಅದರಲ್ಲಿ ಕಾಣುತ್ತದೆ. ಚದುರಿದ ಕಿರಣದ ಕೋನ ಮತ್ತು ಶಕ್ತಿ ಅಳೆಯುವ ಯಂತ್ರ ಅದಲ್ಲ. ಪ್ಲೇಕ್‌ ಪತ್ತೆಹಚ್ಚುವ ಆ ಯಂತ್ರ ಇನ್ನೂ ಯಾವ ಊರಿನ ಆಸ್ಪತ್ರೆಗೂ ಬಂದಿಲ್ಲ.

ಅಷ್ಟು ಹೇಳಿ ಕೈಬಿಡುವುದು ಸರಿಯಲ್ಲ ಎಂದು ಆಕೆಯ ಜೊತೆ ಕೂತು ಮಾತಾಡಿದೆ. ಎಷ್ಟು ದಿನದಿಂದ ಹೀಗೆ? ಕಿವಿ ಕೇಳುತ್ತದೆಯೇ? ಬಿದ್ದು ತಲೆಗೆ ಪೆಟ್ಟಾಗಿತ್ತೇ? ಬಿಪಿ, ಸಕ್ಕರೆ ನೋಡಿಸಿದ್ದಾರೆಯೇ? ನಿದ್ದೆ ಮಾತ್ರೆ ತಿನ್ನುತ್ತಾರೆಯೇ? ಬಿ12 ಕೊರತೆ, ಥೈರಾಯ್ಡ್‌ ತೊಂದರೆ, ಖಿನ್ನತೆ, ತಲೆಯೊಳಗೆ ಕಟ್ಟಿದ ರಕ್ತ ಇವೆಲ್ಲವೂ ಮರೆವಿನ ರೂಪದಲ್ಲಿ ಬರುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ರಕ್ತ ಪರೀಕ್ಷೆ ಮತ್ತು ಸಿಟಿ ಸ್ಕ್ಯಾನಿನಲ್ಲಿ ಇವುಗಳಲ್ಲಿ ಹಲವು ಸಿಕ್ಕಿಬೀಳುತ್ತವೆ. ‘ಅರವತ್ತಕ್ಕೆ ಅರಳು ಮರಳು’ ಎಂದು ಬಿಟ್ಟುಬಿಟ್ಟರೆ ವಾಸಿಯಾಗುವ ಕಾಯಿಲೆಯನ್ನೂ ಬಿಟ್ಟ ಹಾಗೆ.

ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. ಮೆದುಳಿನಲ್ಲಿ ಪ್ಲೇಕ್‌ ತುಂಬಿದ್ದರೂ ಕೊನೆಯವರೆಗೆ ನೆನಪು ಗಟ್ಟಿಯಾಗಿದ್ದ ಹಿರಿಯರಿದ್ದಾರೆ. ಪ್ಲೇಕ್‌ ಕಾಯಿಲೆಯ ಒಂದು ಲಕ್ಷಣ, ಇಡೀ ಕಾಯಿಲೆಯಲ್ಲ. ನಾಳೆ ಯಂತ್ರ ಬಂದರೂ ಅದರ ಸಂಖ್ಯೆಯನ್ನು ಮನೆಯವರ ಮಾತು ಮತ್ತು ವೈದ್ಯರ ಪರೀಕ್ಷೆಯ ಪಕ್ಕದಲ್ಲಿಟ್ಟೇ ಓದಬೇಕು. ಗಡಿಯಾರ ಬರೆಯಿರಿ, ನೂರರಿಂದ ಏಳೇಳು ಕಳೆಯಿರಿ ಎಂಬಂಥ ಪ್ರಶ್ನೆಗಳು ಪೆನ್ನು ಹಿಡಿಯದ ನಮ್ಮ ಹಿರಿಯರಿಗೆ ನ್ಯಾಯ ಒದಗಿಸುವುದಿಲ್ಲ. ಸಂತೆ ಯಾವ ದಿನ, ಹೊಲದಲ್ಲಿ ಈ ವರ್ಷ ಏನು ಬಿತ್ತಿದ್ದಾರೆ, ಮೊಮ್ಮಕ್ಕಳ ಹೆಸರೇನು ಎಂದು ಕೇಳಬೇಕು.

ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜು. ಹಳ್ಳಿಗಳಲ್ಲಿ ಪ್ರಮಾಣ ಪಟ್ಟಣಕ್ಕಿಂತ ಹೆಚ್ಚು. ಹಳ್ಳಿಯ ಮೆದುಳನ್ನು ಹಳ್ಳಿಯಲ್ಲೇ ಅಭ್ಯಾಸ ಮಾಡಬೇಕೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಹಿರಿಯರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದೆ. ಕೃಷ್ಣಾ-ತುಂಗಭದ್ರೆಯ ನಡುವಿನ ನಮ್ಮ ತಾಲ್ಲೂಕುಗಳಿಗೂ ಅಂಥದ್ದೊಂದು ಬೇಕು. ಊಟ, ನೀರು, ಬಿಸಿಲು, ದುಡಿಮೆ ಎಲ್ಲವೂ ಕೋಲಾರಕ್ಕಿಂತ ಬೇರೆ.

13. ಯಾರಾದರೂ ಯಂತ್ರ ತಂದರೆ ಕೇಳಬೇಕಾದದ್ದು

2023ರಲ್ಲಿ ಲೆಕಾನೆಮಾಬ್‌, 2024ರಲ್ಲಿ ಡೊನಾನೆಮಾಬ್‌ ಎಂಬ ಅಮೈಲಾಯ್ಡ್‌ ತೆಗೆಯುವ ಔಷಧಿಗಳಿಗೆ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಅವು ಕಾಯಿಲೆಯ ವೇಗವನ್ನು ತುಸು ತಗ್ಗಿಸುತ್ತವೆ, ವಾಸಿ ಮಾಡುವುದಿಲ್ಲ, ಮೆದುಳಿನಲ್ಲಿ ಬಾವು ಮತ್ತು ರಕ್ತಸ್ರಾವದ ಅಪಾಯವೂ ಇದೆ. ಕೊಡುವ ಮುಂಚೆ ಅಮೈಲಾಯ್ಡ್‌ ಇದೆ ಎಂಬುದು ಖಚಿತವಾಗಬೇಕು. ಆದ್ದರಿಂದ ಅಗ್ಗದ ಪತ್ತೆ ಯಂತ್ರಗಳ ಭರವಸೆ ಮುಂದಿನ ವರ್ಷಗಳಲ್ಲಿ ಹೆಚ್ಚುತ್ತದೆ, ಶಿಬಿರಗಳೂ ಬರುತ್ತವೆ. ಆಗ ಕೇಳಿ: ಇದನ್ನು ಗೊತ್ತಿರುವ ಪ್ರಮಾಣದ ಮಾದರಿಯ ಮೇಲೆ ಪರೀಕ್ಷಿಸಿದ್ದೀರಾ? ಎಷ್ಟು ಕಡಿಮೆ ಪ್ರಮಾಣದವರೆಗೆ ಕಂಡಿತು? ಕೊಬ್ಬು ಮತ್ತು ಬುರುಡೆಯ ಹಿಂದೆ ಇಟ್ಟು ನೋಡಿದಿರಾ? ಅಮೈಲಾಯ್ಡ್‌ ಇಲ್ಲದ ಮಾದರಿಯನ್ನು ಎಷ್ಟು ಸಲ ‘ಇದೆ’ ಎಂದು ತಪ್ಪಾಗಿ ಹೇಳಿತು? ಉತ್ತರ ಕಾಗದದ ಮೇಲೆ ಸಿಗದಿದ್ದರೆ ನಿಮ್ಮ ಅವ್ವ, ಅಪ್ಪನ ತಲೆಯನ್ನು ಅದರ ಕೆಳಗೆ ಇಡಬೇಡಿ.

14. ರಾಯಚೂರು, ದೇವದುರ್ಗ, ಮಾನ್ವಿಯ ವಿದ್ಯಾರ್ಥಿಗಳಿಗೆ

ಈ ಕೆಲಸಕ್ಕೆ ರಸಾಯನಶಾಸ್ತ್ರ ಬಲ್ಲವರು ಬೇಕು, ಭೌತಶಾಸ್ತ್ರ ಬಲ್ಲವರು ಬೇಕು, ಲೆಕ್ಕ ಬಲ್ಲವರು ಬೇಕು, ರೋಗಿಯ ಮನೆಯವರ ಜೊತೆ ಅವರ ಮಾತಿನಲ್ಲೇ ಮಾತಾಡಬಲ್ಲವರು ಇನ್ನೂ ಹೆಚ್ಚು ಬೇಕು. ಪಿಎಚ್‌ ಮೀಟರ್‌, ಒಲೆ, ತಕ್ಕಡಿ, ಒಂದು ಶೀಶೆ ಲೈಸೋಜೈಮ್‌ ಇದ್ದರೆ ಪದವಿ ಕಾಲೇಜಿನ ಲ್ಯಾಬಿನಲ್ಲೇ ಎಳೆ ಕಟ್ಟಿ ಬಣ್ಣ ಹಾಕಿ ನೋಡಬಹುದು. ಎಕ್ಸ್‌-ರೇ ಅಳತೆಗೆ ಬೆಂಗಳೂರಿನ ಸಂಸ್ಥೆಗಳಿವೆ. ಹೆಚ್ಚಿನ ಕೆಲಸಕ್ಕೆ ಇಂದೋರಿನ ಇಂಡಸ್‌-2 ಸಿಂಕ್ರೊಟ್ರಾನ್‌ ಇದೆ. ಜಕ್ಕೂರಿನ ಜವಾಹರಲಾಲ್‌ ನೆಹರೂ ಕೇಂದ್ರ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳಿಗೆ ಸಂಶೋಧನಾ ಫೆಲೋಶಿಪ್‌ ಕೊಡುತ್ತದೆ. ನಿಮ್ಮ ಉಪನ್ಯಾಸಕರಿಂದ ಒಂದು ಶಿಫಾರಸು ಪತ್ರ ಬರೆಸಿಕೊಂಡು ಈ ಸಲ ಅರ್ಜಿ ಹಾಕಿ.